ಸಣ್ಣ ಕಚೇರಿಯ ಟೆಲಿಫೋನಿಗೆ ಬೇಕಾದ ಸಾಮಾನು

ಧಾರವಾಡದಿಂದ ಸೋದರಿಯೊಬ್ಬರು ನಮಗೆ ಕಾಗದ ಬರೆದಿರುವರು. ಅವರ ಚಿರಂಜೀವಿಯು ಲೆಕ್ಕಪರಿಶೋಧಕರ ಪರೀಕ್ಷೆಯಲ್ಲಿ ಉತ್ತೀರ್ಣನಾಗಿ ಸ್ವಂತ ಕಚೇರಿಯನ್ನು ತೆರೆದಿರುವನು. ತಾನೂ ಸೇರಿ ಎಂಟು ಮಂದಿ. ಇಂಟರ್‌ನೆಟ್ಟಿನ ಮೂಲಕ ನಡೆಯುವ ಟೆಲಿಫೋನನ್ನು ಹಾಕಿಸಬೇಕೆಂದು ವಿಚಾರಿಸಲಾಗಿ ವ್ಯಾಪಾರಿಯೊಬ್ಬನು ಬಂದು, ಐವತ್ತು ಮಂದಿಗೆ ಸಾಲುವ ಎಕ್ಸ್‌ಚೇಂಜು ಪೆಟ್ಟಿಗೆ, ಬಣ್ಣದ ತೆರೆಯುಳ್ಳ ಎಂಟು ಫೋನುಗಳು, ವರ್ಷವರ್ಷವೂ ತೆರಬೇಕಾದ ಪರವಾನಗಿಯ ಹಣ, ಇವನ್ನೆಲ್ಲ ಒಳಗೊಂಡ ದೊಡ್ಡ ಪಟ್ಟಿಯನ್ನು ಕೊಟ್ಟು ಹೋಗಿರುವನಂತೆ. ಆ ಹಣಕ್ಕಾಗಿ ತಮ್ಮ ಬಳೆಗಳನ್ನು ಬ್ಯಾಂಕಿನಲ್ಲಿ ಅಡವಿಡಬಹುದೇ ಎಂದು ಆ ತಾಯಿ ಕೇಳಿರುವರು.

ಬಳೆಗಳು ಕೈಯಲ್ಲಿಯೇ ಇರಲಿ ಎಂಬುದು ನಮ್ಮ ಉತ್ತರ. ಇಂತಹ ಪುಟ್ಟ ಕಚೇರಿಗಳು ಈಗ ಅನೇಕ ಮನೆಗಳ ಮಕ್ಕಳಿಗೆ ಇರುವುದರಿಂದ, ಹಾಗೆನ್ನಲು ಕಾರಣವನ್ನು ಎಲ್ಲರಿಗೂ ತಿಳಿಯುವಂತೆ ಹೇಳುವುದು ಯುಕ್ತವೆಂದು ತೋರಿತು.

ಶಬ್ದವು ಆಕಾಶದ ಗುಣವೆಂದೂ, ಅದು ವೀಚೀತರಂಗ ನ್ಯಾಯದಿಂದಲೋ ಕದಂಬಮುಕುಲ ನ್ಯಾಯದಿಂದಲೋ ಕಿವಿಯನ್ನು ಮುಟ್ಟುವುದೆಂದೂ ತರ್ಕಶಾಸ್ತ್ರದಲ್ಲಿ ನಾವು ಪಾಠ ಹೇಳಿದವರು. ಈ ಹೊಸ ಟೆಲಿಫೋನಿನಲ್ಲಿ ಶಬ್ದವು ಎರಡು ನ್ಯಾಯಗಳನ್ನೂ ಬಿಟ್ಟು ಅಂಚೆಯ ನ್ಯಾಯವನ್ನು ಹಿಡಿದಿದೆ. ಒಂದು ಸೆಕೆಂಡಿನ ಮಾತನ್ನು ಯಂತ್ರವು ಸಾಮಾನ್ಯವಾಗಿ 50 ತುಂಡುಗಳಾಗಿ ಕತ್ತರಿಸುವುದು. ಪ್ರತಿಯೊಂದು ತುಂಡನ್ನೂ ಅಂಕೆಗಳಾಗಿ ಮಾಡಿ, ವಿಳಾಸ ಬರೆದ ಲಗೋಟೆಯಲ್ಲಿ ಹಾಕಿ ಕಳುಹಿಸುವುದು. ಲಗೋಟೆಗಳು ಬೇರೆಬೇರೆ ಹೊತ್ತಿಗೆ ಬರಬಹುದು, ಹಿಂದುಮುಂದಾಗಿಯೂ ಬರಬಹುದು. ಶ್ಲೋಕದ ಪದಗಳನ್ನು ಅನ್ವಯಕ್ರಮದಲ್ಲಿ ಜೋಡಿಸಿಕೊಳ್ಳುವ ವಿದ್ಯಾರ್ಥಿಯಂತೆ ಆ ಕಡೆಯ ಯಂತ್ರವು ಅವನ್ನು ಒಂದು ಕ್ಷಣ ತಡೆದು, ಕ್ರಮಕ್ಕೆ ತಂದು, ಮಾತನ್ನಾಗಿ ನುಡಿಸುವುದು. ಬಾಯಿಂದ ಕಿವಿಯವರೆಗೆ ಸೆಕೆಂಡಿನ ಸಾವಿರದಲ್ಲಿ 150 ಭಾಗಕ್ಕಿಂತ ಹೆಚ್ಚು ಹೊತ್ತು ಹಿಡಿಯದಿದ್ದರೆ ಸಂಭಾಷಣೆಗೆ ಬಾಧೆಯಿಲ್ಲವೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದವರ ಮತ. ಅದನ್ನು ಬಹಳವಾಗಿ ಮೀರಿದರೆ ಇಬ್ಬರೂ ಒಟ್ಟಿಗೆ ಮಾತನಾಡುವುದು, ಇಬ್ಬರೂ ಒಟ್ಟಿಗೆ ಸುಮ್ಮನಾಗುವುದು ಮೊದಲಾಗುವುದು.

ಎಷ್ಟು ದೊಡ್ಡದು ಬೇಕೆಂಬುದೇ ಮೊದಲಿನ ಪ್ರಶ್ನೆ. ಇದಕ್ಕೆ ಊಹೆ ಬೇಡ, ಗಣಿತ ಉಂಟು. ಡೆನ್ಮಾರ್ಕಿನ ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಎರ್ಲಾಂಗ್ ಎಂಬ ಗಣಿತಜ್ಞನು 1909 ಮತ್ತು 1917ರಲ್ಲಿ ಪ್ರಕಟಿಸಿದ ಲೇಖನಗಳು ಇಂದಿಗೂ ಈ ವಿಷಯಕ್ಕೆ ಆಧಾರವಾಗಿವೆ. ಕಚೇರಿಯಲ್ಲಿ ಅತ್ಯಂತ ಗದ್ದಲದ ಒಂದು ಗಂಟೆಯಲ್ಲಿ 20 ಕರೆಗಳು, ಒಂದೊಂದಕ್ಕೆ ಸರಾಸರಿ 3 ನಿಮಿಷ ಎಂದಿಟ್ಟುಕೊಳ್ಳೋಣ. ಒಟ್ಟು 60 ನಿಮಿಷದ ಮಾತಾಯಿತು. ಒಂದು ಗಂಟೆಗೆ 60 ನಿಮಿಷವಿರುವಾಗ ಒಂದೇ ಲೈನು ಸಾಲದೇ ಎಂದು ಕೇಳಬೇಡಿರಿ; ಕರೆಗಳು ಸರದಿಯಲ್ಲಿ ನಿಂತು ಬರುವುದಿಲ್ಲ. ಎರಡು ಲೈನುಗಳಿದ್ದರೆ ಐದರಲ್ಲಿ ಒಂದು ಕರೆಗೆ ಜಾಗವಿಲ್ಲದೆ ಹೋಗುವುದು. ಮೂರಿದ್ದರೆ ಹದಿನಾರರಲ್ಲಿ ಒಂದು. ನಾಲ್ಕಿದ್ದರೆ ಅರವತ್ತೈದರಲ್ಲಿ ಒಂದು. ನಾಲ್ಕು ಲೈನಿಗೆ ನಿಲ್ಲಬಹುದು. ಈ ಚಿರಂಜೀವಿಯು ಒಂದು ವಾರ ಬಂದ ಕರೆಗಳನ್ನೂ ಹಿಡಿದ ಹೊತ್ತನ್ನೂ ಪುಸ್ತಕದಲ್ಲಿ ಬರೆದಿಟ್ಟರೆ ತನ್ನ ಲೆಕ್ಕವನ್ನು ತಾನೇ ಮಾಡಿಕೊಳ್ಳಬಹುದು. ಲೆಕ್ಕವೇ ಅವನ ವೃತ್ತಿಯಷ್ಟೆ! ಐವತ್ತು ಮಂದಿಯ ಪೆಟ್ಟಿಗೆಯು ಅಲ್ಲಿಗೆ ಬಿದ್ದುಹೋಯಿತು.

ಇಂಟರ್‌ನೆಟ್ಟಿನ ಗಾತ್ರದ ವಿಚಾರದಲ್ಲಿಯೂ ಭಯ ಬೇಡ. ಹಳೆಯ ಟೆಲಿಫೋನಿನಷ್ಟೇ ಸ್ಪಷ್ಟವಾದ ಧ್ವನಿಗೆ ಸೆಕೆಂಡಿಗೆ 64 ಕಿಲೋಬಿಟ್ಟು; ಲಗೋಟೆಗಳ ಭಾರವೂ ಸೇರಿ ಸುಮಾರು 87. ನಾಲ್ಕು ಕರೆಗಳಿಗೆ 350ನ್ನು ಮುಟ್ಟದು. ಈಗ ಮನೆಮನೆಗೂ ಬರುವ ಫೈಬರಿನಲ್ಲಿ ಇದು ಹೊಳೆಯಿಂದ ಒಂದು ಬಿಂದಿಗೆ ತೆಗೆದಂತೆ. ಹಾಗಾದರೆ ಮಾತು ತುಂಡಾಗುವುದೇತಕ್ಕೆ? ಗುಮಾಸ್ತನೊಬ್ಬನು ದೊಡ್ಡ ಕಡತವನ್ನು ಕಳುಹಿಸತೊಡಗಿದನೆಂದರೆ ಅವನ ಗಾಡಿಗಳ ಹಿಂದೆ ಮಾತಿನ ಲಗೋಟೆಗಳು ಸಿಕ್ಕಿಬೀಳುವುವು. ಆಂಬುಲೆನ್ಸಿಗೆ ದಾರಿ ಬಿಡುವಂತೆ ಮಾತಿಗೆ ದಾರಿ ಬಿಡಿಸುವವನು ರೂಟರು. ಆದುದರಿಂದ ಹಣವನ್ನು ರೂಟರಿನ ಮೇಲೆ ಹಾಕಿರಿ. ಧ್ವನಿಗೆ ಆದ್ಯತೆ ಕೊಡುವ ಏರ್ಪಾಡು ಅದರಲ್ಲಿದೆಯೇ ಎಂದು ಕೇಳಿ ತಿಳಿದೇ ಕೊಳ್ಳಿರಿ. ಅನೇಕ ರೂಟರುಗಳಲ್ಲಿ ‘ಸಿಪ್ ಎ.ಎಲ್.ಜಿ.’ ಎಂಬ ಒಂದು ಏರ್ಪಾಡು ಇರುವುದು. ಸಹಾಯಕ್ಕೆಂದು ಹುಟ್ಟಿದ ಇದು ಎಷ್ಟೋ ವೇಳೆ ಲಗೋಟೆಗಳ ವಿಳಾಸವನ್ನು ತಿದ್ದಿ ಕೆಡಿಸುವುದು. ನಿಮ್ಮ ಮಾತು ಅವರಿಗೆ ಕೇಳಿಸಿ ಅವರ ಮಾತು ನಿಮಗೆ ಕೇಳಿಸದಿದ್ದರೆ ಮೊದಲು ಅದನ್ನು ಆರಿಸಿ ನೋಡತಕ್ಕದ್ದು.

ಇನ್ನು ಫೋನುಗಳು. ಬಣ್ಣದ ತೆರೆ ಕರೆಯನ್ನು ಸ್ಪಷ್ಟಗೊಳಿಸುವುದಿಲ್ಲ. ಕೈಫೋನು ಕಿವಿಗೆ ಹಿತವಾಗಿರುವುದು, ಗುಂಡಿಗಳು ಗಟ್ಟಿಯಾಗಿರುವುದು, ಇವು ಮುಖ್ಯ. ಅದಕ್ಕಿಂತ ಮುಖ್ಯವಾದುದು, ಫೋನು ‘ಸಿಪ್’ ಎಂಬ ಸರ್ವಸಾಮಾನ್ಯ ಭಾಷೆಯನ್ನು ಆಡುವುದೇ, ಒಬ್ಬನೇ ಕಂಪನಿಗೆ ಬೀಗ ಹಾಕಲ್ಪಟ್ಟಿದೆಯೇ ಎಂಬುದು. 2002ರಲ್ಲಿ ಈಗಿನ ರೂಪಕ್ಕೆ ಬಂದ ಈ ಭಾಷೆಯನ್ನು ಬಲ್ಲ ಫೋನಾದರೆ ನಾಳೆ ಸೇವೆ ಕೊಡುವವರನ್ನು ಬದಲಿಸಿದರೂ ಅದು ಉಳಿಯುವುದು. ಫೋನಿನ ಬೆನ್ನಿಗೆ ಎರಡು ಕಂಡಿಗಳಿರುವುವು. ಒಂದು ಗೋಡೆಗೆ, ಇನ್ನೊಂದು ಕಂಪ್ಯೂಟರಿಗೆ. ಅಗ್ಗದ ಫೋನಿನಲ್ಲಿ ಇವು 100 ಮೆಗಾಬಿಟ್ಟಿನವಾಗಿದ್ದು, ಅದರ ಮೂಲಕ ಹೋಗುವ ಕಂಪ್ಯೂಟರೂ ಅಷ್ಟಕ್ಕೇ ನಿಲ್ಲಬೇಕಾಗುವುದು.

ಫೋನುಗಳಿಗೆ ವಿದ್ಯುತ್ತನ್ನು ಅದೇ ತಂತಿಯಲ್ಲಿ ಕೊಡುವ ಸ್ವಿಚ್ಚುಗಳು ಉಂಟು. 2003ರ ನಿಯಮದಂತೆ ಒಂದೊಂದು ಕಂಡಿಯಿಂದ 15.4 ವಾಟಿನವರೆಗೆ ಕೊಡಬಲ್ಲವು. ಎಂಟು ಫೋನಿಗೆ ಎಂಟು ಕಂಡಿಯ ಸ್ವಿಚ್ಚು ಕೊಂಡವರು ರೂಟರಿನ ತಂತಿಯನ್ನು ಎಲ್ಲಿ ಸಿಕ್ಕಿಸುವರು? ಒಂದೆರಡು ಹೆಚ್ಚು ಇರುವುದನ್ನೇ ನೋಡಬೇಕು.

ಎಕ್ಸ್‌ಚೇಂಜು ಎಲ್ಲಿರಬೇಕು? ಅಮೆರಿಕದ ಅಲಬಾಮಾದಲ್ಲಿ ಮಾರ್ಕ್ ಸ್ಪೆನ್ಸರ್ ಎಂಬ ಯುವಕನು 1999ರಲ್ಲಿ, ತನ್ನ ಪುಟ್ಟ ಕಂಪನಿಗೆ ಎಕ್ಸ್‌ಚೇಂಜನ್ನು ಕೊಳ್ಳಲು ಹಣವಿಲ್ಲದೆ, ಸಾಧಾರಣ ಕಂಪ್ಯೂಟರಿನಲ್ಲಿಯೇ ಆ ಕೆಲಸ ಮಾಡುವ ಆಸ್ಟರಿಸ್ಕ್ ಎಂಬ ತಂತ್ರಾಂಶವನ್ನು ಬರೆದನು. ಅದು ಇಂದಿಗೂ ಧರ್ಮಾರ್ಥವಾಗಿ ದೊರೆಯುವುದು. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿನಲ್ಲಿಯೂ ಎಂಟು ಮಂದಿಯ ಕೆಲಸ ನಡೆದೀತು. ಆದರೆ ಅದರ ನೆನಪಿನ ಬಿಲ್ಲೆ ಸದಾ ಬರೆದು ಅಳಿಸುವುದರಿಂದ ಸವೆದು ಒಂದು ದಿನ ಕೈಕೊಡಬಹುದು. ಕಚೇರಿಯಲ್ಲಿ ಇದನ್ನು ಬಲ್ಲವನು ಇದ್ದರೆ ಈ ದಾರಿ ಒಳ್ಳೆಯದು. ಇಲ್ಲದಿದ್ದರೆ ದೂರದ ಕಂಪ್ಯೂಟರಿನಲ್ಲಿ ಎಕ್ಸ್‌ಚೇಂಜನ್ನು ಇಟ್ಟು ತಿಂಗಳ ಬಾಡಿಗೆಗೆ ಕೊಡುವವರು ಇರುವರು. ಇಂಟರ್‌ನೆಟ್ಟು ಕಡಿದಾಗ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಫೋನು ಮಾಡುವುದೂ ನಿಲ್ಲುವುದೆಂಬುದು ಇದರ ದೋಷ. ಆಗಲೂ ಹೊರಗಿನ ಕರೆಗಳನ್ನು ಮೊಬೈಲಿಗೆ ತಿರುಗಿಸಬಹುದೆಂಬುದು ಗುಣ. ಎಂಟು ಮಂದಿ ಒಬ್ಬರನ್ನೊಬ್ಬರು ಕೂಗಿ ಕರೆಯಬಹುದಾದ ಕಚೇರಿಯಲ್ಲಿ ಗುಣವೇ ದೊಡ್ಡದು. ಈ ಹುಡುಗನಿಗೆ ನಾವು ಹೇಳುವುದು ಬಾಡಿಗೆಯ ಎಕ್ಸ್‌ಚೇಂಜನ್ನೇ. ಪೆಟ್ಟಿಗೆಯನ್ನು ಕೊಳ್ಳುವ ಪ್ರಮೇಯವೇ ಇಲ್ಲ. ಆದರೆ ಹೊರಗಿನ ಲೈನನ್ನು ಸರ್ಕಾರದ ಪರವಾನಗಿ ಪಡೆದ ಕಂಪನಿಯಿಂದಲೇ ಪಡೆಯತಕ್ಕದ್ದು. ಕದ್ದ ದಾರಿಯ ಅಗ್ಗದ ಕರೆಗಳನ್ನು ಮಾರುವವರ ಬಾಗಿಲಿಗೆ ಪೊಲೀಸರು ಹೋದಾಗ ಗಿರಾಕಿಯೂ ಉತ್ತರ ಹೇಳಬೇಕಾದೀತು.

ಹಳೆಯ ತಾಮ್ರದ ಲೈನೊಂದು ಇನ್ನೂ ಇದ್ದು ಅದನ್ನು ಹೊಸ ಏರ್ಪಾಡಿಗೆ ಸೇರಿಸಬೇಕೆಂದರೆ ಒಂದು ಸಣ್ಣ ಯಂತ್ರ ಬೇಕು. ಅಂಗಡಿಯಲ್ಲಿ ‘ಎಫ್.ಎಕ್ಸ್.ಎಸ್.’, ‘ಎಫ್.ಎಕ್ಸ್.ಓ.’ ಎಂಬ ಎರಡು ಹೆಸರು ಹೇಳುವರು. ಮೊದಲನೆಯ ಕಂಡಿ ದಾತೃ, ಎರಡನೆಯದು ಪ್ರತಿಗ್ರಾಹಿ. ದಾತೃವಿಗೆ ಹಳೆಯ ಫೋನನ್ನು ಸಿಕ್ಕಿಸಿದರೆ ಅದು ವಿದ್ಯುತ್ತು ಕೊಟ್ಟು ಗಂಟೆ ಬಾರಿಸುವುದು. ಎಕ್ಸ್‌ಚೇಂಜಿನಿಂದ ಬರುವ ಲೈನನ್ನು ಸ್ವೀಕರಿಸುವುದು ಪ್ರತಿಗ್ರಾಹಿ. ಒಂದರ ಬದಲಿಗೆ ಇನ್ನೊಂದನ್ನು ತಂದರೆ ಕೆಲಸ ನಡೆಯದು.

ಆ ತಾಮ್ರದ ಲೈನಿಗೆ ಒಂದು ಮಹಾಗುಣವಿತ್ತು: ಊರಿನಲ್ಲಿ ವಿದ್ಯುತ್ತು ಹೋದರೂ ಅದು ಮಾತನಾಡುತ್ತಿತ್ತು, ಏಕೆಂದರೆ ಎಕ್ಸ್‌ಚೇಂಜಿನ ಬ್ಯಾಟರಿಗಳು ತಂತಿಯಲ್ಲಿಯೇ ವಿದ್ಯುತ್ತನ್ನು ಕಳುಹಿಸುತ್ತಿದ್ದುವು. ಫೈಬರು ಗಾಜಿನ ಎಳೆ. ಬೆಳಕನ್ನು ತರುವುದು, ವಿದ್ಯುತ್ತನ್ನು ತಾರದು. ವ್ಯಾಪಾರಿಯ ಪಟ್ಟಿಯಲ್ಲಿ ಬ್ಯಾಟರಿಯ ಹೆಸರೇ ಇಲ್ಲವೆಂದು ಕಾಗದದಿಂದ ತಿಳಿಯಿತು. ತೆರಿಗೆಯ ಲೆಕ್ಕ ಒಪ್ಪಿಸುವ ಕಡೆಯ ದಿನದ ಸಂಜೆ ವಿದ್ಯುತ್ತು ಹೋದರೆ ಐವತ್ತು ಮಂದಿಯ ಪೆಟ್ಟಿಗೆಯು ಒಂದು ಮಾತನ್ನೂ ಆಡದು. ಎಂಟು ಫೋನು, ಸ್ವಿಚ್ಚು, ರೂಟರು, ಫೈಬರಿನ ಪೆಟ್ಟಿಗೆ ಎಲ್ಲಕ್ಕೂ ಕೂಡಿ ಸುಮಾರು 80 ವಾಟೆಂದು ಹಿಡಿಯಿರಿ. ಎರಡು ಗಂಟೆಗೆ 160 ವಾಟ್‌ಗಂಟೆ. ಕಂಪ್ಯೂಟರಿನ ಪಕ್ಕದಲ್ಲಿಡುವ ಸಣ್ಣ ಯು.ಪಿ.ಎಸ್.ನಲ್ಲಿ 12 ವೋಲ್ಟು, 7 ಆಂಪಿಯರ್‌ಗಂಟೆಯ ಬ್ಯಾಟರಿ, ಎಂದರೆ 84 ವಾಟ್‌ಗಂಟೆ. ಅದೂ ಕಾಗದದ ಮೇಲೆ. ಬೇಗ ಬೇಗ ಎಳೆದರೆ ಅದರ ಅರ್ಧದಷ್ಟು ದೊರೆತರೆ ಹೆಚ್ಚು. 150 ಆಂಪಿಯರ್‌ಗಂಟೆಯ ಮನೆಯ ಇನ್ವರ್ಟರಾದರೆ ಸಂಜೆಯೆಲ್ಲ ನಡೆಯುವುದು. ಅದನ್ನು ಯು.ಪಿ.ಎಸ್. ಕ್ರಮದಲ್ಲಿ ಇಡತಕ್ಕದ್ದು, ಇಲ್ಲವಾದರೆ ವಿದ್ಯುತ್ತು ಬದಲಾಗುವ ಕ್ಷಣದಲ್ಲಿ ರೂಟರು ಆರಿ ಹೊತ್ತಿ ನಡೆಯುತ್ತಿರುವ ಕರೆಗಳು ಕಡಿಯುವುವು. ಬಣ್ಣದ ತೆರೆಗಳಿಗೆ ಕೊಡಬೇಕೆಂದಿದ್ದ ಹಣವನ್ನು ಇಲ್ಲಿ ಹಾಕಬೇಕು.

ಕಳ್ಳರ ಮಾತೂ ಒಂದುಂಟು. ಸುಲಭದ ಗುಪ್ತಪದವನ್ನು ಇಟ್ಟ ಎಕ್ಸ್‌ಚೇಂಜಿಗೆ ರಾತ್ರಿಯ ಹೊತ್ತು ಇಂಟರ್‌ನೆಟ್ಟಿನಿಂದ ನುಗ್ಗಿ, ದೂರದೇಶದ ದುಬಾರಿ ಸಂಖ್ಯೆಗಳಿಗೆ ಕರೆ ಮಾಡಿ ಪಾಲು ಹಣ ಗಳಿಸುವವರು ಇರುವರು; ಬಿಲ್ಲು ಮಾತ್ರ ಕಚೇರಿಗೆ ಬರುವುದು. 101ನೆಯ ಫೋನಿಗೆ 101 ಎಂದೇ ಗುಪ್ತಪದವಿಡುವುದು ಬಾಗಿಲಿಗೆ ಬೀಗ ಹಾಕಿ ಕೈಯನ್ನು ಬಾಗಿಲಲ್ಲೇ ತೂಗುಹಾಕಿದಂತೆ. ಪರದೇಶದ ಕರೆ ಬೇಡವಾದ ಕಚೇರಿಯು ಅದನ್ನು ಮುಚ್ಚಿಸಿಬಿಡಲಿ. 112 ಎಂಬ ತುರ್ತು ಸಂಖ್ಯೆ ಈ ಲೈನಿನಿಂದ ದೊರೆಯುವುದೇ ಎಂದು ಕಂಪನಿಯವರಿಂದ ಬರವಣಿಗೆಯಲ್ಲಿಯೇ ಕೇಳಿ ಪಡೆಯಿರಿ. ದೊರೆಯದೆಂದರೆ, ತುರ್ತಿಗೆ ಮೊಬೈಲಿನಿಂದಲೇ ಕರೆಯಬೇಕೆಂದು ಗೋಡೆಯ ಮೇಲೆ ಬರೆದು ಅಂಟಿಸಿರಿ.

ಎಂಟೂ ಫೋನುಗಳನ್ನು ಒಂದೇ ದಿನ ಕೊಳ್ಳುವ ಅಗತ್ಯವಿಲ್ಲ. ಎರಡನ್ನು ತಂದು ಹದಿನೈದು ದಿನ ನಡೆಸಿ, ಒಬ್ಬನು ದೊಡ್ಡ ಕಡತ ಕಳುಹಿಸುತ್ತಿರುವಾಗ ಇನ್ನೊಬ್ಬನು ಮಾತನಾಡಿ, ಮುಖ್ಯ ಸ್ವಿಚ್ಚನ್ನು ಬೇಕೆಂದೇ ಆರಿಸಿ ನೋಡಿ, ಆಮೇಲೆ ಉಳಿದ ಆರನ್ನು ತರಬಹುದು.