ತಕ್ಕಡಿಯ ಮುಳ್ಳು ಅಲುಗದಿದ್ದಾಗ



ಶಿರಸಿಯ ಕ್ರೀಡಾಂಗಣದಲ್ಲಾಗಲಿ, ಸಿದ್ದಾಪುರದಿಂದ ಜೋಗದ ಕಡೆಗೆ ಸಾಗುವ ರಸ್ತೆಯಲ್ಲಾಗಲಿ, ಯಲ್ಲಾಪುರದ ಹುಬ್ಬಳ್ಳಿ ರಸ್ತೆಯಲ್ಲಾಗಲಿ, ಮುಂಜಾನೆಯ ಮಂಜು ಕರಗುವ ಮೊದಲೇ ನಡಿಗೆಗೆ ಹೊರಟ ಗೃಹಸ್ಥರನ್ನೂ ಗೃಹಿಣಿಯರನ್ನೂ ನಾವು ಇಂದು ಕಾಣುತ್ತೇವೆ. ಇದು ಸಂತೋಷದ ಸಂಗತಿಯೇ ಸರಿ. ಆದರೆ ಇವರಲ್ಲಿ ಅನೇಕರದು ಒಂದೇ ಕೊರಗು. ಮೊದಲ ಎರಡು ತಿಂಗಳಲ್ಲಿ ನಾಲ್ಕೈದು ಕಿಲೋ ಇಳಿಯಿತು. ಆಮೇಲೆ ಎಷ್ಟು ನಡೆದರೂ ತಕ್ಕಡಿಯ ಮುಳ್ಳು ಅಲುಗುತ್ತಿಲ್ಲ!

ಈ ಹಂತದಲ್ಲಿಯೇ ಎರಡು ಬಗೆಯ ಅನಾಹುತಗಳು ಸಂಭವಿಸುತ್ತವೆ. ಕೆಲವರು ಬೇಸತ್ತು ನಡಿಗೆಯನ್ನೇ ಬಿಟ್ಟುಬಿಡುತ್ತಾರೆ. ಇನ್ನು ಕೆಲವರು ಊಟವನ್ನೇ ಬಿಡುತ್ತಾರೆ. ಮನೆಮಂದಿಗೆಲ್ಲ ಬಡಿಸಿ ತಾನು ಚಹದಲ್ಲಿಯೇ ಹೊತ್ತು ಕಳೆಯುವ ತಾಯಂದಿರು ನಮ್ಮಲ್ಲಿ ಕಡಿಮೆಯಿಲ್ಲ. ಮಧುಮೇಹಕ್ಕೆಂದು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಹೀಗೆ ಉಪವಾಸವಿದ್ದರೆ ರಕ್ತದ ಸಕ್ಕರೆ ಒಮ್ಮೆಲೇ ಕುಸಿದು ಪ್ರಾಣಕ್ಕೇ ಅಪಾಯ ಒದಗಬಹುದು. ಆದ್ದರಿಂದ ತೂಕ ಏಕೆ ನಿಲ್ಲುತ್ತದೆ, ನಿಂತಾಗ ಮಾಡಬೇಕಾದುದೇನು ಎಂಬುದನ್ನು ಈ ತಿಂಗಳು ವಿಚಾರ ಮಾಡೋಣ.

ಅಡಿಕೆ ಬೆಳೆಯುವ ಸೀಮೆಯವರಿಗೆ ಇದನ್ನು ತಿಳಿಸುವುದು ಸುಲಭ. ಚಾಲಿಗೆಂದು ಹಣ್ಣಡಿಕೆಯನ್ನು ಅಂಗಳದಲ್ಲಿ ಹರವಿದಾಗ ಮೊದಲ ದಿನಗಳ ಬಿಸಿಲಿಗೆ ತೂಕ ಬೇಗ ಬೇಗ ಇಳಿಯುತ್ತದೆ. ದಿನ ಕಳೆದಂತೆ ಇಳಿಕೆ ನಿಧಾನವಾಗುತ್ತದೆ. ಮೊದಲು ಹೋಗುವುದು ನೀರು. ನಮ್ಮ ದೇಹವೂ ಹಾಗೆಯೇ. ಯಕೃತ್ತಿನಲ್ಲಿಯೂ ಸ್ನಾಯುಗಳಲ್ಲಿಯೂ ಶೇಖರಗೊಂಡ ಪಿಷ್ಟವು ತನ್ನ ತೂಕದ ಸುಮಾರು ಮೂರು ಪಟ್ಟು ನೀರನ್ನು ಹಿಡಿದಿರುತ್ತದೆ. ಆಹಾರ ತಗ್ಗಿದೊಡನೆ ಈ ಪಿಷ್ಟ ಕರಗಿ, ನೀರೂ ಹೊರಟುಹೋಗುತ್ತದೆ. ಮೊದಲ ವಾರಗಳ ವೇಗದ ಇಳಿಕೆಯಲ್ಲಿ ಇದರ ಪಾಲು ದೊಡ್ಡದು. ಕೊಬ್ಬು ಕರಗುವುದು ನಿಧಾನವಾಗಿಯೇ. ಮೊದಲಿನ ವೇಗವನ್ನೇ ಕೊನೆಯವರೆಗೂ ನಿರೀಕ್ಷಿಸುವುದು ಸರಿಯಲ್ಲ.

ಎರಡನೆಯ ಕಾರಣ ಇನ್ನೂ ಸರಳ. 75 ಕಿಲೋ ಇದ್ದವರು 68 ಕಿಲೋಗೆ ಇಳಿದರೆ, ಅದೇ ದಾರಿಯನ್ನು ಅದೇ ವೇಗದಲ್ಲಿ ನಡೆದರೂ ಹೊರುವ ಭಾರ ಕಡಿಮೆ. ವೆಚ್ಚವಾಗುವ ಶಕ್ತಿಯೂ ಸುಮಾರು ಹತ್ತನೆಯ ಒಂದು ಪಾಲು ಕಡಿಮೆ. ಮೊದಲು ಆದಾಯಕ್ಕಿಂತ ಹೆಚ್ಚಿದ್ದ ಖರ್ಚು ಈಗ ಆದಾಯಕ್ಕೆ ಸರಿಯಾಗಿ ನಿಂತಿದೆ. ಲೆಕ್ಕ ಸಮವಾದಲ್ಲಿ ತೂಕವೂ ನಿಲ್ಲುತ್ತದೆ.

ಇದಲ್ಲದೆ, ದೇಹವು ಕ್ಷಾಮ ಬಂದಿತೆಂದು ಬಗೆದು ತನ್ನ ಖರ್ಚನ್ನು ತಾನೇ ಬಿಗಿಹಿಡಿಯುತ್ತದೆ. 1944-45ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಮಂದಿ ಆರೋಗ್ಯವಂತ ತರುಣರಿಗೆ 24 ವಾರಗಳ ಕಾಲ ಅರೆಹೊಟ್ಟೆಯ ಆಹಾರ ನೀಡಿ ಪರೀಕ್ಷಿಸಿದರು. ಅವರ ತೂಕ ಸುಮಾರು ನಾಲ್ಕನೆಯ ಒಂದು ಪಾಲು ಇಳಿಯಿತು. ಆದರೆ ಇಳಿಕೆಯ ವೇಗ ಕ್ರಮೇಣ ತಗ್ಗುತ್ತ ಬಂದಿತು. ಅವರಿಗೆ ಸದಾ ಚಳಿ, ನಿಶ್ಶಕ್ತಿ. ಮನಸ್ಸಿನಲ್ಲಿ ಅನ್ನದ್ದೇ ಧ್ಯಾನ. ಉಪವಾಸದಿಂದ ದೇಹವನ್ನು ಗೆಲ್ಲುತ್ತೇವೆಂಬವರು ಇದನ್ನು ಗಮನಿಸಬೇಕು.

ಇನ್ನೊಂದು ಸೂಕ್ಷ್ಮ ಕಾರಣವುಂಟು. “ನಾನು ತಿನ್ನುವುದೇ ಇಲ್ಲ, ಆದರೂ ತೂಕ ಇಳಿಯದು” ಎಂಬವರನ್ನು ಆರಿಸಿ ನ್ಯೂಯಾರ್ಕಿನ ವೈದ್ಯರು ನಡೆಸಿದ ಅಧ್ಯಯನವೊಂದು 1992ರಲ್ಲಿ ಪ್ರಕಟವಾಯಿತು. ಅವರು ತಾವು ಉಂಡುದನ್ನು ಸರಾಸರಿ 47 ಶೇಕಡಾದಷ್ಟು ಕಡಿಮೆಯಾಗಿಯೂ, ಮಾಡಿದ ಶ್ರಮವನ್ನು 51 ಶೇಕಡಾದಷ್ಟು ಹೆಚ್ಚಾಗಿಯೂ ಹೇಳಿದ್ದರು. ಅವರನ್ನು ಸುಳ್ಳುಗಾರರೆನ್ನಬೇಕಾಗಿಲ್ಲ. ಬಾಯಾಡಿಸಿದ್ದು ಲೆಕ್ಕಕ್ಕೆ ಸಿಗುವುದಿಲ್ಲ, ಬೆವರಿದ್ದು ಮರೆಯುವುದಿಲ್ಲ, ಇದು ಮನುಷ್ಯಸ್ವಭಾವ.

ನಮ್ಮ ಮನೆಗಳನ್ನೇ ನೋಡೋಣ. 70 ಕಿಲೋ ತೂಕದವರು ಮುಕ್ಕಾಲು ಗಂಟೆ ಚುರುಕಾಗಿ ನಡೆದರೆ ವೆಚ್ಚವಾಗುವುದು ಸುಮಾರು 180 ಕ್ಯಾಲೊರಿ. ಒಗ್ಗರಣೆಗೆ ಸುರಿದ ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆಯಲ್ಲಿ 120 ಕ್ಯಾಲೊರಿ. ಎರಡೆರಡು ಚಮಚ ಸಕ್ಕರೆಯ ಮೂರು ಲೋಟ ಚಹದಲ್ಲಿ ಸಕ್ಕರೆಯಿಂದಲೇ ಮತ್ತೆ 120. ದೋಸೆಯ ಪಕ್ಕದ ಜೋನಿ ಬೆಲ್ಲ, ಸಂಜೆಯ ಹಲಸಿನ ಹಪ್ಪಳ, ನೆಂಟರು ತಂದ ತೊಡೆದೇವು ಇವೆಲ್ಲ ಇನ್ನೂ ಲೆಕ್ಕದ ಹೊರಗೆ!

ನಮ್ಮ ಹಿರಿಯರೂ ಇವನ್ನೆಲ್ಲ ಉಂಡವರೇ. ಆದರೆ ಬೆಟ್ಟದಿಂದ ಸೊಪ್ಪಿನ ಹೊರೆ ಹೊತ್ತು ತೋಟಕ್ಕೆ ಇಳಿಯುವುದು, ಬಾವಿಯಿಂದ ನೀರು ಸೇದುವುದು, ಒರಳಿನಲ್ಲಿ ರುಬ್ಬುವುದು ಹೀಗೆ ಅವರ ಶ್ರಮ ದಿನವಿಡೀ ಹಂಚಿಹೋಗಿತ್ತು. ಕಾಯಕವೇ ಅವರಿಗೆ ವ್ಯಾಯಾಮವಾಗಿತ್ತು. ಇಂದು ಪಂಪು, ಮಿಕ್ಸರು, ಮೋಟಾರು ಸೈಕಲ್ಲುಗಳು ಆ ಶ್ರಮವನ್ನು ತಮ್ಮದಾಗಿಸಿಕೊಂಡಿವೆ. ಊಟ ಮಾತ್ರ ಅಂದಿನದೇ ಉಳಿದಿದೆ. ಬೆಳಿಗ್ಗೆ ಮುಕ್ಕಾಲು ಗಂಟೆ ನಡೆದು ಉಳಿದ ಹೊತ್ತೆಲ್ಲ ಕುಳಿತೇ ಕಳೆದರೆ ಲೆಕ್ಕ ಸರಿಹೋಗುವುದೆಂತು?

ಹಾಗಾದರೆ ಪರಿಹಾರವೇನು? ಉಪವಾಸವಲ್ಲ, ಲೆಕ್ಕವನ್ನು ಹೊಸದಾಗಿ ಬರೆಯುವುದು. ಎರಡು ವಾರಗಳ ಕಾಲ ಬಾಯಿಗೆ ಹೋದುದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡಿ. ಎಣ್ಣೆಯ ಡಬ್ಬಿ ಎಷ್ಟು ದಿನಕ್ಕೆ ಬರಿದಾಗುತ್ತದೆಂದು ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಹೊರತಂದ ಮಾರ್ಗಸೂಚಿಯು 2000 ಕ್ಯಾಲೊರಿಯ ದಿನದ ಆಹಾರದಲ್ಲಿ ಎಣ್ಣೆ-ತುಪ್ಪಗಳಿಗೆ 27 ಗ್ರಾಂ, ಧಾನ್ಯಗಳಿಗೆ 250 ಗ್ರಾಂ, ಬೇಳೆಕಾಳುಗಳಿಗೆ 85 ಗ್ರಾಂ, ತರಕಾರಿಗೆ 400 ಗ್ರಾಂ ಎಂದು ಹೇಳಿದೆ. ಈ ಪ್ರಕಾರ ನಾಲ್ವರ ಸಂಸಾರಕ್ಕೆ ತಿಂಗಳಿಗೆ ಎಣ್ಣೆ-ತುಪ್ಪ ಎರಡೂ ಸೇರಿ ಮೂರೂವರೆ ಲೀಟರಿನ ಸುಮಾರಿಗೆ ನಿಲ್ಲಬೇಕು. ತೂಕ ಇಳಿಸುವವರಿಗೆ ಅದಕ್ಕೂ ಕಡಿಮೆ ಸಾಕು. ಅನ್ನವನ್ನು ಒಂದು ಸೌಟು ತಗ್ಗಿಸಿ, ಆ ಜಾಗಕ್ಕೆ ಹೆಸರುಕಾಳಿನ ಪಲ್ಯವನ್ನೋ ಹುರುಳಿಯ ಸಾರನ್ನೋ ತನ್ನಿರಿ. ಶಾಕಾಹಾರಿಗಳಾದ ನಮಗೆ ಸ್ನಾಯು ಉಳಿಸಿಕೊಳ್ಳಲು ಬೇಳೆಕಾಳು, ಹಾಲು, ಮಜ್ಜಿಗೆಗಳೇ ಆಧಾರ. ನಮ್ಮ ತಂಬುಳಿಗಿಂತ ಹಗುರವಾದ ಮೇಲೋಗರ ಬೇರೆಲ್ಲಿದೆ?

ನಡಿಗೆಯಲ್ಲಿಯೂ ಬದಲಾವಣೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ಶ್ರಮದ ಜೊತೆಗೆ, ಕನಿಷ್ಠ 2 ದಿನ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮವನ್ನೂ ಸೂಚಿಸಿದೆ. ತೂಕದೊಡನೆ ಸ್ನಾಯುವೂ ಕರಗದಂತೆ ತಡೆಯುವುದು ಇದೇ. ಕೈಯೂರದೆ ಕುರ್ಚಿಯಿಂದ ಹತ್ತು ಹನ್ನೆರಡು ಬಾರಿ ಎದ್ದು ಕೂರುವುದು, ಗೋಡೆಗೆ ಅಂಗೈಯೂರಿ ದೇಹವನ್ನು ತಳ್ಳುವುದು, ನೀರು ತುಂಬಿದ ಕೊಡವನ್ನು ಎತ್ತಿ ನಡೆಯುವುದು ಇವಕ್ಕೆ ಕಾಸಿನ ಖರ್ಚಿಲ್ಲ. ಮಳೆಗಾಲದ ನಾಲ್ಕು ತಿಂಗಳು ಜಗಲಿಯಲ್ಲಿಯೇ ಮಾಡಬಹುದು. ದಾರಿಯಲ್ಲಿ ಏರು ಬಂದರೆ ಬಳಸಿ ಹೋಗಬೇಡಿ. ಭುವನಗಿರಿಗೆ ಹೋದವರು ಮೆಟ್ಟಿಲುಗಳನ್ನೇ ಹತ್ತಿರಿ. ಮೊಣಕಾಲು ನೋವು, ಹೃದಯದ ತೊಂದರೆ ಇದ್ದವರು ಮಾತ್ರ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ತಕ್ಕಡಿಯೊಂದನ್ನೇ ನಂಬಬೇಡಿ. ವಾರಕ್ಕೊಮ್ಮೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಗಿಕೊಂಡು, ನಾಲ್ಕು ವಾರಗಳ ಲೆಕ್ಕವನ್ನು ಒಟ್ಟಿಗೆ ನೋಡಿ. ದರ್ಜಿಯ ಟೇಪಿನಿಂದ ಕೆಳಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಸುತ್ತಳತೆ ತೆಗೆಯಿರಿ. ಭಾರತೀಯರಲ್ಲಿ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ಸೆಂಟಿಮೀಟರು ಮಿತಿ. ತೂಕ ನಿಂತಿದ್ದರೂ ಸುತ್ತಳತೆ ಇಳಿಯುತ್ತಿದ್ದರೆ ಕೊಬ್ಬು ಕರಗುತ್ತಿದೆಯೆಂದೇ ಅರ್ಥ. ಇದಾವುದಕ್ಕೂ ದೇಹ ಬಗ್ಗದಿದ್ದರೆ, ಇಲ್ಲವೇ ಆಯಾಸ, ಮಲಬದ್ಧತೆ, ಮುಖದ ಬಾವು ಕಂಡರೆ ಥೈರಾಯ್ಡ್ ಪರೀಕ್ಷೆ ಮಾಡಿಸಿರಿ. ಕೆಲವು ಔಷಧಗಳೂ ತೂಕ ಹೆಚ್ಚಿಸುತ್ತವೆ. ಅವನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರೊಡನೆ ಮಾತನಾಡಿರಿ.

ಮನೆಯವರಿಗೂ ಒಂದು ಮಾತು. ಎಲೆಯ ಮೇಲೆ ಕೈ ಅಡ್ಡ ಹಿಡಿದವರಿಗೆ “ಇನ್ನೊಂದು ಹೋಳಿಗೆ, ನಮ್ಮಾಣೆ” ಎಂದು ಬಡಿಸುವುದು ಉಪಚಾರವಲ್ಲ. ಸಾಕೆಂದವರ ಮಾತನ್ನು ಮನ್ನಿಸುವುದೂ ಆದರವೇ. ಅಡುಗೆಮನೆಯ ಎಣ್ಣೆ ತಗ್ಗಿದರೆ ಅದರ ಫಲ ಮನೆಮಂದಿಗೆಲ್ಲ ಸಲ್ಲುತ್ತದೆ.

ಕೊನೆಯದಾಗಿ, ದೇಹತೂಕದ ಶೇಕಡಾ 5ರಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆಗಳು ಸುಧಾರಿಸುತ್ತವೆಂಬುದು ವೈದ್ಯಶಾಸ್ತ್ರದ ಅನುಭವ. 80 ಕಿಲೋ ಇದ್ದವರಿಗೆ ಅದು 4 ಕಿಲೋ ಮಾತ್ರ. 76ಕ್ಕೆ ಬಂದು ನಿಂತವರು ಸೋತವರಲ್ಲ. ಇಳಿದುದನ್ನು ಮತ್ತೆ ಏರಗೊಡದೆ ಉಳಿಸಿಕೊಂಡವರು. ಇಳಿಸುವುದಕ್ಕಿಂತ ಉಳಿಸಿಕೊಳ್ಳುವುದು ಕಷ್ಟ. ನಡಿಗೆ ಬಿಟ್ಟವರಿಗೆ ಅದೂ ದಕ್ಕದು. ಆದ್ದರಿಂದ ಮುಳ್ಳು ಅಲುಗದಿದ್ದರೂ ನಾಳೆ ಮುಂಜಾನೆ ಚಪ್ಪಲಿ ಮೆಟ್ಟಿ ಹೊರಡಿರಿ. ಹಸಿದು ಹೊರಡಬೇಡಿ, ಹತಾಶರಾಗಿಯೂ ಹೊರಡಬೇಡಿ.