ಓಟಕ್ಕೊಂದು ಕಡಿವಾಣ

ತುಮಕೂರಿನ ಸತ್ಯಮಂಗಲದಿಂದ ವಾಚಕರೊಬ್ಬರು ಬರೆದಿದ್ದಾರೆ. ಅವರ ಮನೆಯಲ್ಲಿ ಹಳೆಯ 486 ಗಣಕವೊಂದು ಇನ್ನೂ ಜೀವ ಹಿಡಿದುಕೊಂಡಿದೆ. ಬಾಲ್ಯದಲ್ಲಿ ತಾವು ಆಡಿದ ಆಟವನ್ನು ಮಗಳಿಗೆ ತೋರಿಸಹೊರಟರೆ, ವೈರಿಯ ವಿಮಾನ ಬಂದದ್ದೂ ಹೋದದ್ದೂ ಕಣ್ಣಿಗೆ ಬೀಳದಂತೆ ಆಟವೇ ಮುಗಿದುಹೋಗುತ್ತದಂತೆ. ಗಣಕ ಕೆಟ್ಟಿದೆಯೇ ಎಂಬುದು ಅವರ ಪ್ರಶ್ನೆ.

ಕೆಟ್ಟಿಲ್ಲ, ಅದು ಚುರುಕಾಗಿರುವುದೇ ತೊಡಕು. 1981ರ ಐಬಿಎಂ ಪಿಸಿಯಲ್ಲಿದ್ದ 8088 ಚಿಪ್ಪು ಸೆಕೆಂಡಿಗೆ ಸುಮಾರು 47 ಲಕ್ಷ 70 ಸಾವಿರ ಸಲ ಮಿಡಿಯುತ್ತಿತ್ತು. ಆ ಕಾಲದ ಎಷ್ಟೋ ಆಟಗಳು ಗಡಿಯಾರವನ್ನು ನೋಡದೆ ಯಂತ್ರದ ವೇಗವನ್ನೇ ನಂಬಿ ನಡೆದವು. 486ರ ವೇಗವಾದರೋ ಅದಕ್ಕಿಂತ ಹಲವು ಪಟ್ಟು ಹೆಚ್ಚು. 1990ರ ‘ವಿಂಗ್ ಕಮಾಂಡರ್’ ಸಹ ಮುಂದೆ ಬಂದ ಗಣಕಗಳಲ್ಲಿ ಹೀಗೆಯೇ ಹುಚ್ಚೋಟ ಓಡಿತು.

ಇದಕ್ಕೆ ಮದ್ದು, ಅವರ ಫ್ಲಾಪಿಯಲ್ಲೇ ಇರುವ ವೇಗ ತಗ್ಗಿಸುವ ಶೇರ್‌ವೇರ್ ತಂತ್ರಾಂಶ. ನಡುನಡುವೆ ಗಣಕಕ್ಕೆ ಬರಿದೇ ಕೆಲಸ ಹಚ್ಚಿ ಅದರ ಓಟವನ್ನು ತಡೆಯುವುದು ಇಂಥವುಗಳ ಉಪಾಯ. ಅದನ್ನು ಆಟವಿರುವ ಡೈರೆಕ್ಟರಿಗೇ ನಕಲು ಮಾಡಿಕೊಳ್ಳಿ. ಮೊದಲು ಅರ್ಧ ವೇಗವಿಟ್ಟು ನೋಡಿ. ಹದ ಸಿಗುವವರೆಗೆ ಇಳಿಸುತ್ತ ಬನ್ನಿ. ಪ್ರತಿಸಲವೂ ಇಷ್ಟನ್ನು ಟೈಪು ಮಾಡುವ ಶ್ರಮ ಮಗುವಿಗೇಕೆ? ಒಂದು ಬ್ಯಾಚ್ ಕಡತ ಬರೆದಿಡಿ. ಮೊದಲ ಸಾಲಿನಲ್ಲಿ ಡೈರೆಕ್ಟರಿಯನ್ನು ಹೊಗುವ ಆಜ್ಞೆ. ಎರಡನೆಯದರಲ್ಲಿ ತಂತ್ರಾಂಶದ ಹೆಸರು, ವೇಗದ ಪ್ರಮಾಣ, ಆಟದ ಹೆಸರು, ಅದರ ಸೂಚನೆಯಲ್ಲಿ ಹೇಳಿದ ಕ್ರಮದಲ್ಲಿ. ಇನ್ನು ಮಗಳು ಒಂದೇ ಪದ ಒತ್ತಿದರೆ ಸಾಕು.

ಹಳೆಯ ಗಣಕವಿಲ್ಲದವರೂ ನಿರಾಶರಾಗಬೇಕಿಲ್ಲ. ಇಂದಿನ 64 ಬಿಟ್ ವಿಂಡೋಸ್ ಈ ಆಟಗಳನ್ನು ನೇರವಾಗಿ ನಡೆಸದು. 2002ರಲ್ಲಿ ಹೊರಬಂದ, ಉಚಿತವಾದ ಡಾಸ್‌ಬಾಕ್ಸ್ ನಡೆಸುತ್ತದೆ. ಅದರಲ್ಲಿ ಕಂಟ್ರೋಲ್ ಜೊತೆಗೆ ಎಫ್ 11 ಒತ್ತಿದರೆ ವೇಗ ಇಳಿಯುತ್ತದೆ, ಎಫ್ 12 ಒತ್ತಿದರೆ ಏರುತ್ತದೆ. ಅದರ ಸೆಟ್ಟಿಂಗ್ ಕಡತದ ಕೊನೆಗಿರುವ ‘ಆಟೋಎಕ್ಸೆಕ್’ ಭಾಗದಲ್ಲಿ ಆಜ್ಞೆಗಳನ್ನು ಬರೆದಿಟ್ಟರೆ ಆಟ ತಾನಾಗಿಯೇ ತೊಡಗುತ್ತದೆ.

ಪತ್ರದ ಕೊನೆಗೆ ಇನ್ನೊಂದು ಪ್ರಶ್ನೆಯಿದೆ. ಮೂವತ್ತು ದಿನಗಳಾದ ಮೇಲೆ ಹಣ ಕಳುಹಿಸಿರೆಂದು ಆ ತಂತ್ರಾಂಶ ಕೇಳುತ್ತದೆ, ಕೊಡದಿದ್ದರೂ ಕೆಲಸ ನಡೆಯುತ್ತದೆ; ಕೊಡಲೇಬೇಕೆ?

1982ರಲ್ಲಿ ಅಮೆರಿಕದ ಆಂಡ್ರ್ಯೂ ಫ್ಲೂಗಲ್‌ಮನ್ ತಮ್ಮ ‘ಪಿಸಿ-ಟಾಕ್’ ತಂತ್ರಾಂಶವನ್ನು ಬಳಸಿ ನೋಡಿ, ಮೆಚ್ಚಿದರೆ 25 ಡಾಲರ್ ಕಳುಹಿಸಿ, ಗೆಳೆಯರಿಗೂ ಹಂಚಿ ಎಂದು ಹೊರಬಿಟ್ಟರು. ಬೀಗವಿಲ್ಲ, ಕಾವಲಿಲ್ಲ, ಬಳಸುವವರ ಮನಸ್ಸಾಕ್ಷಿಯೊಂದೇ ಆಧಾರ. ನಮ್ಮ ಊರುಗಳ ಅಂಗಡಿಯ ಉದ್ದರಿ ಲೆಕ್ಕವೂ ಇದೇ ನಂಬಿಕೆಯ ಮೇಲಲ್ಲವೇ ನಡೆದುಬಂದದ್ದು? ಬರೆದಾತ ಇಂದಿಗೂ ಹಣ ಸ್ವೀಕರಿಸುವರೇ ಎಂದು ವಿಚಾರಿಸಿ. ಉಚಿತವಾಗಿ ಬಿಟ್ಟುಕೊಟ್ಟಿದ್ದರೆ ಸಂತೋಷ. ಇಲ್ಲವಾದರೆ ಸಲ್ಲಿಸಿಬಿಡಿ, ಅದೂ ಮಗಳು ಪಕ್ಕದಲ್ಲಿ ಕುಳಿತಿರುವಾಗಲೇ. ಈ ಕೆಲಸವನ್ನು ಬ್ಯಾಚ್ ಕಡತಕ್ಕೆ ವಹಿಸಲು ಬರುವುದಿಲ್ಲ.