ಆದಾಯವೂ ಆಸ್ತಿಯೂ

ಮನೆಯ ಒಡವೆಯನ್ನು ಮಾರಿ ಬಂದ ಹಣದಲ್ಲಿ ವರ್ಷವನ್ನು ಸುಖವಾಗಿ ಕಳೆದ ಗೃಹಸ್ಥನು, ಈ ಸಾಲಿನಲ್ಲಿ ನಮ್ಮ ಆದಾಯ ಹೆಚ್ಚಿತೆಂದು ಲೆಕ್ಕದ ಪುಸ್ತಕದಲ್ಲಿ ಬರೆದರೆ, ಆ ಮನೆಯ ಗೃಹಿಣಿಯು ಸುಮ್ಮನಿರಲಾರಳು. ಬಂದುದು ಆದಾಯವಲ್ಲ, ಕರಗಿದ ಅಸಲು ಎಂಬುದನ್ನು ಆಕೆ ಬಲ್ಲಳು. ಆದರೆ ರಾಷ್ಟ್ರಗಳ ಲೆಕ್ಕದಲ್ಲಿ ಈ ತಪ್ಪು ಬಹುಕಾಲದಿಂದ ನಡೆದುಬಂದಿರುವುದು. ವರ್ಷವೊಂದರಲ್ಲಿ ದೇಶದೊಳಗೆ ಹುಟ್ಟಿದ ಸರಕು ಸೇವೆಗಳ ಬೆಲೆಯನ್ನು ಕೂಡಿಸಿ ಒಟ್ಟು ಉತ್ಪನ್ನವೆನ್ನುವರು. ಆಗ ಸವೆದ ನೆಲವನ್ನೂ ಬತ್ತಿದ ನೀರನ್ನೂ ಅದರಿಂದ ಕಳೆಯುವುದಿಲ್ಲ. ಇಂತಹ ಲೆಕ್ಕವನ್ನು ಅಮೆರಿಕದಲ್ಲಿ ರೂಪಿಸಿದ ಸೈಮನ್ ಕುಜ್ನೆಟ್ಸ್ ಪಂಡಿತರೇ, ರಾಷ್ಟ್ರದ ಆದಾಯದಿಂದ ಜನರ ಕ್ಷೇಮವನ್ನು ಅಳೆಯಲಾಗದೆಂದು 1934ರಲ್ಲಿ ಎಚ್ಚರಿಸಿದ್ದರು.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಗಣಿಯ ಚಿನ್ನವೂ ಕಾವೇರಿಯ ವಿದ್ಯುತ್ತೂ ಆದಾಯದ ಪಟ್ಟಿಯಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತುವು. ಆದರೆ ತೆಗೆದ ಚಿನ್ನವು ಮತ್ತೆ ಹುಟ್ಟಲಿಲ್ಲ. 2001ರಲ್ಲಿ ಗಣಿಗಳು ಮುಚ್ಚಿದುವು, ಊರಿನ ಮಗ್ಗುಲಿಗೆ ಸಯನೈಡ್ ಮಣ್ಣಿನ ದಿಬ್ಬಗಳು ಉಳಿದುವು. ಕಾವೇರಿಯಾದರೋ ಇಂದಿಗೂ ಚಕ್ರಗಳನ್ನು ತಿರುಗಿಸುತ್ತಿರುವಳು. ಒಂದು ಕಡೆ ಅಸಲನ್ನು ತಿಂದೆವು, ಇನ್ನೊಂದು ಕಡೆ ಬಡ್ಡಿಯನ್ನು ಉಂಡೆವು.

ಮಂಡ್ಯದ ಸಂಗತಿಯನ್ನೂ ನೋಡೋಣ. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಹರಿದು, 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪಿತವಾಗಿ, ರಾಗಿಯ ಹೊಲಗಳು ಕಬ್ಬು ಬತ್ತಗಳ ಗದ್ದೆಗಳಾದುವು. ಈ ಏಳಿಗೆಯನ್ನು ನಾವು ಹೀಗಳೆಯುವವರಲ್ಲ. ಆದರೆ ಬಸಿಗಾಲುವೆಯಿಲ್ಲದೆ ನೀರು ನಿಂತ ಗದ್ದೆಯಲ್ಲಿ ಉಪ್ಪು ಮೇಲೇಳುವುದನ್ನು ರೈತನು ಬಲ್ಲನು. ಕಬ್ಬಿನ ಟನ್ನುಗಳು ದೇಶದ ಲೆಕ್ಕಕ್ಕೆ ಸೇರುವುವು. ಚೌಳಾದ ನೆಲವು ಸೇರದು. 2015ರಲ್ಲಿ ಈ ಜಿಲ್ಲೆಯ ಹಲವು ಕಬ್ಬಿನ ಬೆಳೆಗಾರರು ಸಾಲದ ಭಾರದಿಂದ ಪ್ರಾಣ ಕಳೆದುಕೊಂಡರು. ಅವರು ಬೆಳೆದ ಕಬ್ಬಿಗೆ ಲೆಕ್ಕವಿತ್ತು, ಅವರ ಮನೆಯ ಕಣ್ಣೀರಿಗೆ ಇರಲಿಲ್ಲ.

ಇನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರು. ಅಲ್ಲಿ ಬಣ್ಣದ ಕೊಕ್ಕರೆಗಳೂ ಹೆಜ್ಜಾರ್ಲೆಗಳೂ ಮನೆಗಳ ನಡುವಣ ಹುಣಿಸೆ ಮರಗಳಲ್ಲಿ ಗೂಡು ಕಟ್ಟಿ ಮರಿ ಮಾಡುವುವು. ಹಕ್ಕಿಗಳಿಂದ ಹುಣಿಸೆಯ ಫಸಲಿಗೆ ನಷ್ಟವಾದರೂ ಊರಿನವರು ಅವುಗಳನ್ನು ಓಡಿಸಲಿಲ್ಲ. ಅವು ಬರುವುದೇ ಶುಭವೆಂದು ಬಗೆದರು, ಉದುರಿದ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿದರು. 2007ರಲ್ಲಿ ಆ ಸ್ಥಳವು ಸಮುದಾಯ ಸಂರಕ್ಷಿತ ಪ್ರದೇಶವೆಂದು ಘೋಷಿತವಾಯಿತು. ಆ ಮರವೊಂದನ್ನು ಕಡಿದು ಸೌದೆಗೆ ಮಾರಿದರೆ ದೇಶದ ಉತ್ಪನ್ನ ಹೆಚ್ಚುವುದು. ನಿಂತಿರುವ ಮರಕ್ಕೆ ಆ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

ಈ ಕೊರತೆಯನ್ನು ತುಂಬುವ ಯತ್ನಗಳು ನಡೆದಿವೆ. 1990ರಲ್ಲಿ ವಿಶ್ವಸಂಸ್ಥೆಯು ಆದಾಯದೊಡನೆ ಆಯುಸ್ಸನ್ನೂ ವಿದ್ಯೆಯನ್ನೂ ಸೇರಿಸಿ ಮಾನವಾಭಿವೃದ್ಧಿಯನ್ನು ಅಳೆಯತೊಡಗಿತು. 2012ರಲ್ಲಿ ಅದರ ಆಶ್ರಯದಲ್ಲಿ ಹೊರಬಂದ ವರದಿಯೊಂದು ಯಂತ್ರ ಕಟ್ಟಡಗಳನ್ನೂ, ಜನರ ವಿದ್ಯೆಯನ್ನೂ, ಕಾಡು ನೆಲ ಗಣಿಗಳನ್ನೂ ಒಟ್ಟುಗೂಡಿಸಿ ರಾಷ್ಟ್ರಗಳ ಆಸ್ತಿಯನ್ನು ಎಣಿಸಿತು. ಹೆಜ್ಜಾರ್ಲೆಯ ಗೂಡಿಗೆ ಸರಿಯಾದ ಬೆಲೆ ಕಟ್ಟುವುದು ಯಾರಿಗೂ ಸಾಧ್ಯವಾಗದಿರಬಹುದು. ಆದರೂ ಬೆಲೆ ತಿಳಿಯದ ವಸ್ತುವನ್ನು ಸೊನ್ನೆಯೆಂದು ಬರೆಯುವುದು ಅದಕ್ಕಿಂತ ದೊಡ್ಡ ತಪ್ಪು.

ಆದುದರಿಂದ ನಮ್ಮ ಗೃಹಸ್ಥರು ಉತ್ಪನ್ನವು ಶೇಕಡ ಇಷ್ಟು ಏರಿತೆಂಬ ವಾರ್ತೆಯನ್ನು ಓದಿದಾಗಲೆಲ್ಲ ಇನ್ನೊಂದು ಪ್ರಶ್ನೆಯನ್ನು ಕೇಳತಕ್ಕದ್ದು: ನಮ್ಮೂರ ಕೆರೆ, ಬಾವಿ, ಗದ್ದೆ, ಶಾಲೆಗಳು ಹೋದ ವರ್ಷಕ್ಕಿಂತ ಉತ್ತಮವಾಗಿವೆಯೆ? ಮಕ್ಕಳಿಗೆ ನಾವು ಬಿಟ್ಟುಹೋಗುವುದು ಆದಾಯವನ್ನಲ್ಲ, ಆಸ್ತಿಯನ್ನು.